ಈಗತಾನೇ ಕೂತವರ ಬೆನ್ನು

ಜೂನ್ ೩

ಅಕ್ಕನಿಗೆ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈ ಮನೆಯಲ್ಲಿ ಇರುವುದು ಒಂದೂವರೆ ಕೋಣೆ. ಬಚ್ಚಲಿನಲ್ಲಿ ನಿಂತು ಪಿಸುಗುಟ್ಟಿದರೂ ಅಣ್ಣನಿಗೆ ಕೇಳಿಸುತ್ತದೆ. ಮಾತು ಹೋಗಿದೆ, ಕಿವಿ ಮೊದಲಿಗಿಂತ ಚುರುಕಾಗಿದೆ. ಅದಕ್ಕೇ ಕಾಗದ. ಗಾರ್ಮೆಂಟ್ಸ್‌ನಲ್ಲಿ ಊಟದ ಹೊತ್ತಿಗೆ ಕಟಿಂಗ್ ಟೇಬಲ್ಲಿನ ಮೂಲೆಯಲ್ಲಿ ನಿಂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಅಣ್ಣ ಆಸ್ಪತ್ರೆಯಿಂದ ಬಂದು ಏಳು ವಾರವಾಯಿತು. ಪಾರ್ಶ್ವವಾಯು ಹೊಡೆದ ಬಲಗೈ, ಬಲಗಾಲು ನೀನು ನೋಡಿಹೋದಾಗ ಹೇಗಿದ್ದವೋ ಹಾಗೇ ಇವೆ. ಎಡಗೈ ಚೆನ್ನಾಗಿದೆ. ಕುರ್ಚಿಯ ಹಿಡಿಯ ಮೇಲೆ ಒಂದು ಸಲ ಬೆರಳು ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಇಲ್ಲ. ಆಸ್ಪತ್ರೆಯ ನರ್ಸ್ ಹೇಳಿಕೊಟ್ಟ ಉಪಾಯ. ಕಷ್ಟವೇನೆಂದರೆ, ನಾನು ಏನು ಕೇಳಿದರೂ ಒಂದೇ ತಟ್ಟು. ಗಂಜಿ ಸಾಕಾ? ಒಂದು. ಇನ್ನೂ ಸ್ವಲ್ಪ ಹಾಕಲಾ? ಅದಕ್ಕೂ ಒಂದು. ಅಂಗಡಿ ಬೋರ್ಡ್ ಬರೆಯುವ ಕಾಲದಲ್ಲಿ ಒಂದು ಅಕ್ಷರದ ಬಾಲಕ್ಕಾಗಿ ಅಂಗಡಿಯವರ ಜೊತೆ ಅರ್ಧ ದಿನ ಜಗಳ ಆಡುತ್ತಿದ್ದ ಮನುಷ್ಯ ಈಗ ಎಲ್ಲದಕ್ಕೂ ಹೂಂ ಅನ್ನುತ್ತಾನೆ.

ಡಾಕ್ಟರು ಒಂದು ಆರೈಕೆ ಕೇಂದ್ರದ ವಿಳಾಸ ಕೊಟ್ಟಿದ್ದಾರೆ. ಮೂರು ತಿಂಗಳು ಅಲ್ಲೇ ಇರಿಸಿಕೊಂಡು ಕೈಕಾಲಿಗೆ, ನಾಲಿಗೆಗೆ ಅಭ್ಯಾಸ ಮಾಡಿಸುತ್ತಾರಂತೆ. ಒಂದು ಹಾಸಿಗೆ ಹಿಡಿದಿಟ್ಟಿದ್ದಾರೆ. ಜುಲೈ ಹದಿನೈದರೊಳಗೆ ಹೇಳಬೇಕು. ಅಣ್ಣನನ್ನು ಕೇಳಲು ನನಗೆ ಧೈರ್ಯವಿಲ್ಲ. ಕೇಳಿದರೆ ಒಂದು ಸಲ ತಟ್ಟುತ್ತಾನೆ, ಗಂಜಿಗೆ ತಟ್ಟಿದ ಹಾಗೆ. ಅದು ಮನಸ್ಸಿನ ಹೌದೋ, ನನ್ನ ತಲೆನೋವು ತಪ್ಪಲಿ ಅನ್ನುವ ಹೌದೋ, ನಾನು ಹೇಗೆ ತಿಳಿಯಲಿ?

ನೀನು ಇಪ್ಪತ್ತೆರಡು ವರ್ಷದಿಂದ ಕಲಾಶಾಲೆಯಲ್ಲಿ ಮೈ ನೋಡಿ ಮನಸ್ಸು ಓದುವುದನ್ನೇ ಕಲಿಸುತ್ತಿದ್ದೀಯ. ನೀನೇ ಹೇಳು.

ಕತ್ತರಿ


ಜೂನ್ ೧೨

ಪ್ರೀತಿಯ ಕತ್ತರಿ,

ಅಣ್ಣ ಇಟ್ಟ ಈ ಹೆಸರಿನಲ್ಲಿ ನೀನೇ ಸಹಿ ಹಾಕಿದ್ದು ನೋಡಿ ನಗು ಬಂತು. ಕೈಗೆ ಕತ್ತರಿ ಬರುವ ಮೊದಲೇ ನಿನ್ನ ನಾಲಿಗೆ ಕತ್ತರಿಯಾಗಿತ್ತು.

ಅಣ್ಣನ ಚಿತ್ರ ಬರೆದು ಕಳಿಸು. ತಮಾಷೆಯಲ್ಲ. ನಿನಗೆ ಬರುತ್ತದೆ. ನಾವಿಬ್ಬರೂ ಅಣ್ಣ ಎಂಬ ಒಂದೇ ಮೇಷ್ಟ್ರ ಹತ್ತಿರ ಕಲಿತವರು. ಅಣ್ಣ ಬೋರ್ಡಿನ ಹಿಂಬದಿಗೆ ಸೀಮೆಸುಣ್ಣದಲ್ಲಿ ಏಣಿ ಹೊರುವವರನ್ನು, ಚೀಲ ಇಳಿಸುವವರನ್ನು ಬರೆದು ತೋರಿಸುತ್ತಿದ್ದದ್ದು ನೆನಪಿದೆಯಾ? ನಾನು ಮೂಗು ಬರೆಯಲು ಹೋದರೆ ಕೈಗೆ ಒಂದು ಏಟು. "ಮೊದ್ಲು ಬೆನ್ನು ಹಾಕೇ. ಮುಖ ಏನು, ನೆಂಟರು ಬಂದ್ರೆ ನಗುತ್ತೆ. ಬೆನ್ನಿಗೆ ನಾಟಕ ಬರಲ್ಲ." ನಾನು ಕಲಾಶಾಲೆಯಲ್ಲಿ ಹೇಳುವುದೆಲ್ಲ ಆ ಮಾತಿನ ಮೇಲೆಯೇ ನಿಂತಿದೆ.

ಹೀಗೆ ಮಾಡು. ಕುತ್ತಿಗೆಯಿಂದ ಸೊಂಟದವರೆಗೆ ಒಂದೇ ಗೆರೆ ಎಳೆ. ಅದು ಎಲ್ಲಿ ಬಾಗುತ್ತದೆ ನೋಡು. ಮೈಯ ಭಾರ ಎಲ್ಲಿ ಬೀಳುತ್ತಿದೆ ನೋಡು: ಒಂದು ಕಡೆಯ ಕುಂಡೆಯ ಮೇಲೋ, ಮೊಣಕೈ ಮೇಲೋ, ಪಾದದ ಮೇಲೋ. ಭುಜ ಎರಡೂ ಸಮ ಇವೆಯಾ? ಕೈ ಏನನ್ನು ಹಿಡಿದಿದೆ, ಏನನ್ನು ಬಿಟ್ಟಿದೆ? ಖುಷಿಯಲ್ಲಿರುವವನ ಮೈ ಮೇಲಕ್ಕೆ ತೆರೆದಿರುತ್ತದೆ. ಹೆದರಿದವನು ತನ್ನ ಮೈಯನ್ನೇ ತಬ್ಬಿಕೊಂಡಿರುತ್ತಾನೆ. ಕೈಚೆಲ್ಲಿದವನ ಮೈ ಕುರ್ಚಿಗೆ ಸುರಿದ ಹಾಗಿರುತ್ತದೆ. ಮುಖ ಬರೆಯಲೇಬೇಡ. ಗುರುತಿಗೆ ತಲೆಯೊಂದು ಇದ್ದರೆ ಸಾಕು. ಎರಡು ನಿಮಿಷದ ಕೆಲಸ.

ನಾನೇ ಬರಬೇಕಿತ್ತು. ಪರೀಕ್ಷೆ, ಆಮೇಲೆ ಹೊಸ ತರಗತಿ. ನಿನಗೆ ಗೊತ್ತೇ ಇದೆ.

ಅಕ್ಕ


ಜೂನ್ ೨೪

ಅಕ್ಕನಿಗೆ,

ಮೂರು ಚಿತ್ರ ಇಟ್ಟಿದ್ದೇನೆ. ಕತ್ತರಿಸುವ ಮೊದಲು ಬಟ್ಟೆಯನ್ನು ಪದರ ಪದರವಾಗಿ ಹಾಸಿ ಲೇ ಹಾಕುವಾಗ ನಡುವೆ ಬರುವ ಕಾಗದದಲ್ಲಿ ಬರೆದದ್ದು. ತಲೆ ಸ್ವಲ್ಪ ಚಿಕ್ಕದಾಯಿತು. ಕುರ್ಚಿ ಮಾತ್ರ ಹದವಾಗಿ ಬಂದಿದೆ. ಕುರ್ಚಿ ಅಲ್ಲಾಡುವುದಿಲ್ಲವಲ್ಲ.

ಹಗಲು ಪಕ್ಕದ ಮನೆಯವರು ಆಗಾಗ ನೋಡಿಹೋಗುತ್ತಾರೆ. ಕೆಲಸ ಮುಗಿಸಿ ಬಂದು, ಅಣ್ಣನ ಸ್ನಾನ, ಗಂಜಿ ಎಲ್ಲ ಆದಮೇಲೆ ಅರ್ಧ ಗಂಟೆ ಸಿಗುತ್ತದೆ. ಆಗ ಬರೆದೆ. ಚೆನ್ನಾಗಿ ಕೂತಿದ್ದ. ಏನೂ ತೊಂದರೆ ಇರಲಿಲ್ಲ.

ನಮ್ಮ ಸೂಪರ್‌ವೈಸರ್ ನೋಡಿ, "ಏನಮ್ಮಾ, ಪ್ಯಾಟರ್ನ್ ಬಿಟ್ಟು ಮನುಷ್ಯರನ್ನ ಕತ್ತರಿಸೋಕೆ ಶುರು ಮಾಡಿದ್ಯಾ?" ಅಂದ. "ನಿಮ್ಮ ಅಳತೆ ಕೊಡಿ ಸಾರ್, ಮೊದಲು ನಿಮ್ಮನ್ನೇ" ಅಂದೆ. ಟೇಬಲ್ಲಿನವರೆಲ್ಲ ನಕ್ಕರು.

ಬೇಗ ಬರಿ. ದಿನ ಹತ್ತಿರ ಬರುತ್ತಿದೆ.

ಕತ್ತರಿ


ಜುಲೈ ೩

ಕತ್ತರಿ,

ಚಿತ್ರಗಳನ್ನು ಮೂರು ದಿನ ಗೋಡೆಗೆ ಅಂಟಿಸಿಕೊಂಡು ನೋಡಿದೆ. ಚೆನ್ನಾಗಿ ಬರೆದಿದ್ದೀಯ ಅಂತ ಹೇಳಿದರೆ ಕಡಿಮೆ. ನನ್ನ ಮೂರನೇ ವರ್ಷದವರಿಗೂ ಈ ಬೆನ್ನು ಬರುವುದಿಲ್ಲ.

ಆದರೆ ನೋಡಲು ಆಗುವುದಿಲ್ಲ. ಕುತ್ತಿಗೆ ಎರಡು ಭುಜಗಳ ನಡುವೆ ಇಳಿದುಹೋಗಿದೆ. ಬೆನ್ನಿನ ಗೆರೆ ನಡುವಿನಲ್ಲಿ ಮುರಿದು ಮುಂದಕ್ಕೆ ಬಿದ್ದಿದೆ. ಬಲಗೈ ತೊಡೆಯ ಮೇಲೆ ಯಾರೋ ಇಟ್ಟು ಮರೆತ ಸಾಮಾನಿನಂತಿದೆ. ಅದು ಸರಿ, ಅದರಲ್ಲಿ ಜೀವವಿಲ್ಲ. ಆದರೆ ಎಡಗೈ ಎಲ್ಲಿ? ಮೂರರಲ್ಲೂ ಹೊದಿಕೆಯ ಕೆಳಗೆ ಸೇರಿಸಿಬಿಟ್ಟಿದ್ದೀಯ. ಮುಂದಿನ ಸಲ ಅದನ್ನು ಬರಿ. ಅವನಿಗಿರುವ ಒಳ್ಳೆಯ ಕೈ ಅದು, ಮಾತಾಡುವ ಕೈ.

ನಾನು ಓದಿದ್ದನ್ನು ನೇರವಾಗಿ ಹೇಳುತ್ತೇನೆ. ಇದು ದುಃಖವಲ್ಲ. ದುಃಖದಲ್ಲಿರುವವರು ಒಂದು ಕಡೆಗೆ ವಾಲುತ್ತಾರೆ, ಯಾರದೋ ಹೆಗಲಿದ್ದ ಕಡೆಗೆ ವಾಲಿದ ಹಾಗೆ. ಇದು ದಣಿವು. ತಿಂಗಳುಗಟ್ಟಲೆ ಹೊತ್ತು ಇಳಿಸದವರ ದಣಿವು. ಇಂಥ ಮೈಯನ್ನು ಹೊಸ ಜಾಗಕ್ಕೆ, ಹೊಸ ಜನರ ಕೈಗೆ, ದಿನಕ್ಕೆ ಮೂರು ಹೊತ್ತು ಅಭ್ಯಾಸಕ್ಕೆ ಹಾಕಿದರೆ ತಡೆಯುವುದಿಲ್ಲ. ಈಗ ಬೇಡ. ಮನೆಯಲ್ಲೇ ಇರಲಿ. ಸೊಂಟದ ಹಿಂದೆ ದಿಂಬಿಡು. ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸು. ಅವನು ಕೂತಿರುವಾಗ ಹತ್ತಿರ ಹೋಗಿ ಕೂರು.

ಇನ್ನೆರಡು ಚಿತ್ರ ಕಳಿಸು.

ಅಕ್ಕ


ಜುಲೈ ೧೪

ಅಕ್ಕನಿಗೆ,

ಎರಡು ಚಿತ್ರ ಇಟ್ಟಿದ್ದೇನೆ.

ದಿಂಬಿಟ್ಟೆ. ಕುರ್ಚಿ ತಿರುಗಿಸಿದೆ. ಕೇಂದ್ರಕ್ಕೆ ನಿನ್ನೆ ಫೋನ್ ಮಾಡಿ, ಹಾಸಿಗೆ ಬೇಡ, ಬೇರೆಯವರಿಗೆ ಕೊಡಿ ಅಂದೆ. ಆ ಕಡೆಯ ಹೆಂಗಸು, "ಖಂಡಿತಾನಾ ಮೇಡಂ? ಮತ್ತೆ ಖಾಲಿ ಆಗೋದು ಯಾವಾಗ್ಲೋ" ಅಂದಳು. ಖಂಡಿತ ಅಂದೆ.

ಹತ್ತಿರ ಹೋಗಿ ಕೂರು ಅಂತ ಬರೆದಿದ್ದೀಯ. ಕೂರಲು ಮನೆಯಲ್ಲಿ ಇರುವುದು ಅದೊಂದೇ ಕುರ್ಚಿ.

ಕತ್ತರಿ


ಜುಲೈ ೨೨

ಕತ್ತರಿ, ಕತ್ತರಿ!

ಇಷ್ಟು ದೊಡ್ಡ ವಿಷಯ ಇಟ್ಟುಕೊಂಡು ಕಾಗದದಲ್ಲಿ ಒಂದಕ್ಷರ ಬರೆದಿಲ್ಲವಲ್ಲೇ! ಐದನೇ ಚಿತ್ರದಲ್ಲಿ ಅಣ್ಣನ ಬಲಗೈ ಮೊಣಕಾಲನ್ನು ಹಿಡಿದಿದೆ. ಸುಮ್ಮನೆ ಮೇಲೆ ಬಿದ್ದಿಲ್ಲ, ಹಿಡಿದಿದೆ. ನಾಲ್ಕು ಬೆರಳೂ ಒತ್ತಿ, ಪ್ಯಾಂಟಿನ ಬಟ್ಟೆ ಸುಕ್ಕುಗಟ್ಟಿರುವುದನ್ನೂ ಬರೆದಿದ್ದೀಯ. ಬಟ್ಟೆಯ ಸುಕ್ಕನ್ನು ನೀನು ತಪ್ಪಾಗಿ ಬರೆಯುವವಳಲ್ಲ. ಹಾಗಾದರೆ ಬಲಗೈಗೆ ಶಕ್ತಿ ಬಂದಿದೆ!

ಡಾಕ್ಟರಿಗೆ ತೋರಿಸಿದೆಯಾ? ನಾನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಚಿತ್ರ ತೋರಿಸಿದೆ. ಮನೆಯಲ್ಲಿ ಇಟ್ಟುಕೊಂಡದ್ದು ಎಷ್ಟು ಒಳ್ಳೆಯದಾಯಿತು ನೋಡು. ನಾನು ಹೇಳಿರಲಿಲ್ಲವಾ?

ಎಡಗೈ ಮಾತ್ರ ಮತ್ತೆ ಮುಚ್ಚಿಟ್ಟಿದ್ದೀಯ. ನಿನ್ನದೊಂದು ಹಟ.

ತಕ್ಷಣ ಬರಿ.

ಅಕ್ಕ


ಆಗಸ್ಟ್ ೫

ಕತ್ತರಿ,

ಎರಡು ವಾರವಾಯಿತು. ಕಾಗದವಿಲ್ಲ. ಭಾನುವಾರ ಫೋನ್ ಮಾಡಿದಾಗ "ಎಲ್ಲ ಹಾಗೇ ಇದೆ ಅಕ್ಕ, ಗಂಜಿ ಉಕ್ಕುತ್ತಿದೆ" ಅಂತ ಇಟ್ಟುಬಿಟ್ಟೆ. ಹಾಗೇ ಇದೆ ಅಂದರೆ ಹೇಗಿದೆ? ಡಾಕ್ಟರು ಏನೆಂದರು?

ಅಕ್ಕ


ಆಗಸ್ಟ್ ೧೪

ಕತ್ತರಿ,

ಇವತ್ತು ತರಗತಿಯಲ್ಲಿ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ನಮ್ಮಲ್ಲಿ ಮಾಡೆಲ್ ಆಗಿ ಕೂರಲು ಬರುವ ಒಬ್ಬ ಅಜ್ಜಿ ಇದ್ದಾರೆ. ಹುಡುಗರು ಅವರಿಗೆ ಕಂಬಮ್ಮ ಅಂತ ಹೆಸರಿಟ್ಟಿದ್ದಾರೆ. ನಿಂತರೆ ಕಂಬ, ಒಂದು ಗಂಟೆ ರೆಪ್ಪೆ ಮಾತ್ರ ಅಲ್ಲಾಡುತ್ತದೆ. ಮೂವತ್ತು ವರ್ಷದಿಂದ ಇದೇ ಕೆಲಸ. ನಾನು ನಿನ್ನ ಐದನೇ ಚಿತ್ರವನ್ನು ಬೋರ್ಡಿಗೆ ಹಚ್ಚಿ, ಮುಖವಿಲ್ಲದೆ ದಣಿವನ್ನು ಹೇಗೆ ಬರೆದಿದ್ದಾರೆ ನೋಡಿ ಎಂದು ಪಾಠ ಶುರು ಮಾಡಿದೆ. ಯಾರ ಚಿತ್ರ ಎಂದು ಹೇಳಲಿಲ್ಲ. ಕಂಬಮ್ಮನಿಗೆ ಅದೇ ಭಂಗಿಯಲ್ಲಿ ಕೂರಿ ಅಂದೆ.

ಅವರು ಚಿತ್ರದ ಹತ್ತಿರ ಹೋಗಿ ನೋಡಿದರು. ಬಂದು ಕುರ್ಚಿಯಲ್ಲಿ ಕೂತರು. ಎದ್ದರು. ಮತ್ತೆ ಕೂತರು. ಬಲಗಾಲಿನ ಚಪ್ಪಲಿಯಿಂದ ಹಿಮ್ಮಡಿಯನ್ನು ಮಾತ್ರ ಹೊರಗೆ ತೆಗೆದು ತುದಿಗಾಲಿನ ಮೇಲೆ ಭಾರ ಬಿಟ್ಟರು. ಕತ್ತರಿ, ನಿನ್ನ ಚಿತ್ರದಲ್ಲಿ ಆ ಹಿಮ್ಮಡಿ ಹಾಗೇ ಇದೆ. ನಾನು ಅದನ್ನು ನೋಡಿಯೇ ಇರಲಿಲ್ಲ.

"ಯಾರೀ ಇವರು?" ಅಂದರು.

"ಪಾರ್ಶ್ವವಾಯು ಆಗಿರೋ ಗಂಡಸು. ಇಡೀ ದಿನ ಕೂತೇ ಇರ್ತಾರೆ" ಅಂದೆ.

"ಸುಳ್ಳು."

ಹುಡುಗರೆಲ್ಲ ಕಿಸಕ್ಕನೆ ನಕ್ಕರು. ಟೀಚರಿಗೇ ಸುಳ್ಳು ಅಂದರಲ್ಲ!

"ನಗಬೇಡಿ. ಮೂವತ್ತು ವರ್ಷ ಕೂತು ಕೂತು ಸವೆದಿರೋಳು ನಾನು. ದಿನವಿಡೀ ಕೂತೋರ ಹಿಮ್ಮಡಿ ಯಾಕ್ರೀ ನೋಯುತ್ತೆ? ಅವರು ಹಿಂದಕ್ಕೆ ಒರಗ್ತಾರೆ, ಇವರ ಬೆನ್ನು ಒರಗಿಲ್ಲ ನೋಡಿ. ಕೈ ಮೊಣಕಾಲು ಹಿಡಿದಿರೋದು ಯಾಕೆ? ಏಳೋಕೆ. ಇದು ಕೂತಿರೋರ ಬೆನ್ನಲ್ಲ ಮೇಡಂ. ಈಗತಾನೇ ಕೂತೋರದು. ಬೆಳಿಗ್ಗೆಯಿಂದ ನಿಂತಿದ್ದೋರು. ಇನ್ನೊಂದು ನಿಮಿಷಕ್ಕೆ ಮತ್ತೆ ಏಳಬೇಕಾದೋರು."

ಕಂಬಮ್ಮ ತಾವೇ ಸೇರಿಸಿದರು: "ಇನ್ನೊಂದು ಕೈ ಯಾಕೆ ಮುಚ್ಚಿದ್ದಾರೆ? ಅದ್ರಲ್ಲಿ ಪೆನ್ಸಿಲ್ ಇತ್ತಾ?"

ಕನ್ನಡಿಯ ಮುಂದೆ ಕೂತು ತಮ್ಮ ಚಿತ್ರ ತಾವೇ ಬರೆಯುವಾಗ ಮೊದಲ ವರ್ಷದವರೆಲ್ಲ ಮಾಡುವುದು ಇದನ್ನೇ. ಬರೆಯುವ ಬಲಗೈಯನ್ನು ಬರೆಯಲಾಗದೆ ಏನಾದರೂ ಮುಚ್ಚಿ ತೋರಿಸುತ್ತಾರೆ. ಬಿಡುವಾಗಿರುವ ಎಡಗೈ ಕನ್ನಡಿಯಲ್ಲಿ ಬಲಗೈಯಾಗಿ ಕಾಣುತ್ತದೆ. ವರ್ಷಕ್ಕೆ ನಲವತ್ತು ಹುಡುಗರಿಗೆ ಈ ತಪ್ಪನ್ನು ತಿದ್ದುತ್ತೇನೆ. ನಿನ್ನ ಐದು ಚಿತ್ರಗಳನ್ನು ಗೋಡೆಗೆ ಅಂಟಿಸಿಕೊಂಡು ಒಂದೂವರೆ ತಿಂಗಳು ನೋಡಿದೆ, ಕಾಣಲಿಲ್ಲ. ಅಣ್ಣನನ್ನು ನೋಡಬೇಕು ಅಂತ ಹೊರಟವಳು ಅಣ್ಣನನ್ನೇ ನೋಡಿದೆ.

ಅದು ನಿನ್ನ ಬೆನ್ನು. ಹೌದೋ ಅಲ್ಲವೋ?

ರಜೆಗೆ ಬರೆದುಕೊಟ್ಟಿದ್ದೇನೆ. ಇಪ್ಪತ್ತೊಂದಕ್ಕೆ ಬರುತ್ತೇನೆ.

ಅಕ್ಕ


ಆಗಸ್ಟ್ ೧೮

ಅಕ್ಕನಿಗೆ,

ಹೌದು.

ಮೊದಲ ದಿನ ಪ್ಯಾಡ್ ಹಿಡಿದು ಅವನ ಎದುರು ನಿಂತೆ. ಅಣ್ಣ ಮುಖ ತಿರುಗಿಸಿದ. ಮಾರನೇ ದಿನ ಎಡಗಾಲಿನಿಂದ ನೆಲ ಒದ್ದು ಇಡೀ ಮೈಯನ್ನೇ ಗೋಡೆಯ ಕಡೆ ಹೊರಳಿಸಿಕೊಂಡ. ಮೂರನೇ ದಿನವೂ ಹಾಗೇ. ಇಂಥ ಸ್ಥಿತಿಯಲ್ಲಿ ತನ್ನನ್ನು ನೋಡುವುದು, ಬರೆದು ಬೇರೆಯವರಿಗೆ ಕಳಿಸುವುದು ಅವನಿಗೆ ನಾಚಿಕೆ ಅಂದುಕೊಂಡೆ. ಇಡೀ ಊರಿನ ಅಂಗಡಿಗಳ ಮೇಲೆ ಏಣಿ ಹಾಕಿ ನಿಂತಿದ್ದವನು. ಅದನ್ನು ನಿನಗೆ ಬರೆಯಲು ಮನಸ್ಸಾಗಲಿಲ್ಲ. ಚಿತ್ರ ಕಳಿಸದಿದ್ದರೆ ನೀನು ಉತ್ತರ ಹೇಳುವುದಿಲ್ಲ. ಅದಕ್ಕೇ ಅವನನ್ನು ಹಾಸಿಗೆಗೆ ದಾಟಿಸಿದ ಮೇಲೆ ಅವನ ಕುರ್ಚಿಯಲ್ಲಿ, ಅವನ ಹೊದಿಕೆ ಹೊದ್ದು, ಬೀರುವಿನ ಕನ್ನಡಿಯ ಮುಂದೆ ಓರೆಯಾಗಿ ಕೂತೆ. ಅವನು ಹೇಗೆ ಕೂರುತ್ತಾನೆ ಅಂತ ನನಗೆ ಗೊತ್ತಲ್ಲ, ಹಾಗೇ ಕೂತಿದ್ದೇನೆ ಅಂತಲೇ ಅಂದುಕೊಂಡಿದ್ದೆ. ಮೇಲೆ ಅವನ ತಲೆ ಇಟ್ಟೆ.

ತಿಂಗಳುಗಟ್ಟಲೆ ಹೊತ್ತು ಇಳಿಸದವರ ದಣಿವು ಅಂತ ನೀನು ಬರೆದದ್ದನ್ನು ಓದಿದಾಗ ನನಗೆ ಅರ್ಥವಾಯಿತು, ಯಾರದು ಅಂತ. ಆದರೂ ಫೋನ್ ಮಾಡಿ ಹಾಸಿಗೆ ಬಿಟ್ಟುಕೊಟ್ಟೆ. ಯಾಕೆ ಅಂತ ಕೇಳಬೇಡ. ನೀನು ಹೇಳಿದೆ, ಮಾಡಿದೆ. ಯೋಚನೆ ಮಾಡಲು ಮೈಯಲ್ಲಿ ತ್ರಾಣ ಇರಲಿಲ್ಲ. ದಡದಲ್ಲಿ ನಿಂತವರು ಎಡಕ್ಕೆ ಈಜು ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ.

ಬಲಗೈಗೆ ಶಕ್ತಿ ಬಂತು ಅಂತ ನೀನು ಕುಣಿದಾಡಿದ ಕಾಗದಕ್ಕೆ ಏನು ಉತ್ತರ ಬರೆಯಲಿ? ನಾಲ್ಕು ಸಲ ಶುರು ಮಾಡಿ ಹರಿದೆ.

ಬಾ. ಸಲಹೆ ಎಲ್ಲ ಅಲ್ಲೇ ಇಟ್ಟು, ಕೈ ಎರಡು ತಗೊಂಡು ಬಾ.

ಕತ್ತರಿ


ಸೆಪ್ಟೆಂಬರ್ ೨

ಕತ್ತರಿ,

ನಿನ್ನ ಗೆಳತಿಯ ಮನೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಹೋದ ದಿನ ಹದಿನಾಲ್ಕು ಗಂಟೆ ಮಲಗಿದ್ದಳು ಎಂದು ಅವಳು ಫೋನಿನಲ್ಲಿ ಹೇಳಿದಳು. ಇನ್ನೂ ಮಲಗು.

ನೀನು ವಿಶ್ರಾಂತಿಗೆ ಹೋಗಿ ಐದು ದಿನ. ಐದೇ ದಿನಕ್ಕೆ ನನ್ನ ಸೊಂಟ ನನ್ನದಲ್ಲ. ನಿನ್ನೆ ಅಣ್ಣನನ್ನು ಹಾಸಿಗೆಗೆ ದಾಟಿಸಿ ಕುರ್ಚಿಯಲ್ಲಿ ಕುಸಿದಾಗ ಎದುರು ಬೀರುವಿನ ಕನ್ನಡಿ ಕಂಡಿತು. ಬಲಗಾಲಿನ ಹಿಮ್ಮಡಿ ಚಪ್ಪಲಿಯ ಹೊರಗಿತ್ತು. ಐದು ಚಿತ್ರಗಳಿಂದ ಕಲಿಯದ್ದನ್ನು ಹಿಮ್ಮಡಿ ಕಲಿಸಿತು.

ಮುಖ್ಯ ವಿಷಯಕ್ಕೆ ಬರುತ್ತೇನೆ. ಅಣ್ಣ ನನಗೆ ಎಲ್ಲದಕ್ಕೂ ಹೌದು ಅನ್ನುವುದಿಲ್ಲ. ನನ್ನ ಗಂಜಿಗೆ ಎರಡು ತಟ್ಟು. ನಾನು ದಿಂಬಿಟ್ಟ ರೀತಿಗೆ ಎರಡು. ಕಿಟಕಿಯ ಕಡೆಗೆ ತಿರುಗಿಸಿದ ಕುರ್ಚಿಗೆ ಎರಡು. ಮಧ್ಯಾಹ್ನ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ, ನಾನು ದೂರದಲ್ಲಿ ಕೂತು ಹೇಳಿದ್ದು. ಬೋರ್ಡಿಗಾಗಿ ಅಂಗಡಿಯವರ ಜೊತೆ ಜಗಳ ಆಡುತ್ತಿದ್ದ ಅಣ್ಣ ಎಲ್ಲೂ ಹೋಗಿಲ್ಲ. ನಿನಗೆ ಮಾತ್ರ ಒಂದೇ ತಟ್ಟು ಯಾಕೆ ಎಂದು ನೇರವಾಗಿ ಅವನನ್ನೇ ಕೇಳಿದೆ.

"ಕತ್ತರಿ ಚಿತ್ರ ಬರೆಯೋಕೆ ಬಂದಾಗ ಗೋಡೆ ಕಡೆ ಹೊರಳಿದ್ಯಂತೆ. ನಾಚಿಕೆಯಾ?"

ಎರಡು.

"ಕೋಪಾನಾ?"

ಎರಡು.

ನಾನು ಇನ್ನೇನು ಕೇಳಬೇಕು ಎಂದು ಯೋಚಿಸುತ್ತಾ ಕೂತೆ. ಆಗ ಅವನು ಎಡಗೈ ಎತ್ತಿ ನಿನ್ನ ಹಾಸಿಗೆಯ ಕಡೆ ತೋರಿಸಿದ. ನೀನು ಸುತ್ತಿಟ್ಟು ಹೋಗಿದ್ದೆಯಲ್ಲ, ಅದರ ಕಡೆ.

"ಅವಳು ಪ್ಯಾಡ್ ಕೆಳಗಿಟ್ಟು ಮಲಗ್ಲಿ ಅಂತನಾ?"

ಒಂದು. ಹಿಡಿಯ ಮೇಲಿಟ್ಟಿದ್ದ ಲೋಟ ಅಲ್ಲಾಡುವಷ್ಟು ಜೋರಾಗಿ.

ಅವನು ಬೆನ್ನು ತಿರುಗಿಸಿದ್ದನ್ನು ನೀನು ನಾಚಿಕೆ ಎಂದು ಓದಿದೆ. ನಿನ್ನ ಬೆನ್ನನ್ನು ನಾನು ಅವನದೆಂದು ಓದಿದೆ. ಕಲಿಸಿದ ಮೇಷ್ಟ್ರು ಮಧ್ಯದಲ್ಲಿ ಕೂತು ಇಬ್ಬರು ದಡ್ಡಿಯರನ್ನೂ ನೋಡುತ್ತಿದ್ದ.

ಕೇಂದ್ರಕ್ಕೆ ಬೆಳಿಗ್ಗೆ ಫೋನ್ ಮಾಡಿದ್ದೆ. ಅದೇ ಹೆಂಗಸು. ಇಪ್ಪತ್ತಕ್ಕೆ ಒಂದು ಹಾಸಿಗೆ ಖಾಲಿಯಾಗುತ್ತದಂತೆ. ಹೇಳುತ್ತೇನೆ ಎಂದು ಇಟ್ಟೆ. ಎರಡು ತಿಂಗಳ ಅಭ್ಯಾಸವನ್ನು ನನ್ನ ಪಾಂಡಿತ್ಯ ತಿಂದುಹಾಕಿತು. ಅದನ್ನು ಅಣ್ಣನಿಗೆ ಹೇಳಿದೆ, ಮುಚ್ಚಿಡಲಿಲ್ಲ. ಆಮೇಲೆ ಅವನ ಎದುರು ಮಣೆ ಹಾಕಿ ಕೂತು ಕೇಳಿದೆ.

"ಅಲ್ಲಿಗೆ ಹೋಗ್ತೀಯಾ?"

ಒಂದು.

"ಕತ್ತರಿಗೆ ಬಿಡುವು ಸಿಗ್ಲಿ ಅಂತನಾ?"

ಬೆರಳು ಎತ್ತಿದ. ಮೇಲೇ ನಿಂತಿತು. ಅರ್ಧಕ್ಕೆ ನಿಂತ ಬೆರಳಿನ ಬಗ್ಗೆ ನನ್ನ ತರಗತಿಯಲ್ಲಿ ಅರ್ಧ ಗಂಟೆ ಮಾತಾಡಬಲ್ಲೆ. ಬಾಯಿ ಮುಚ್ಚಿಕೊಂಡು ಕೂತೆ. ಬೆರಳು ಹಾಗೇ ಇತ್ತು. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದೆ, ನಾವಿಬ್ಬರೂ ಇಷ್ಟು ದಿನ ಕೇಳದೇ ಬಿಟ್ಟದ್ದು.

"ನಿಂಗೆ ನೀನೇ ಹೋಗಬೇಕು ಅನ್ಸುತ್ತಾ? ಮತ್ತೆ ಬ್ರಷ್ ಹಿಡಿಯೋಕೆ?"

ಬೆರಳು ಕೆಳಗೆ ಬಂತು. ಒಂದು ಸಲ. ನಾನು ಎರಡನೆಯದಕ್ಕೆ ಕಾದೆ. ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಕಾದೆ. ಬರಲಿಲ್ಲ.

ಹಾಸಿಗೆ ನಮಗೇ ಇರಲಿ ಎಂದು ಹೇಳಿಬಿಟ್ಟಿದ್ದೇನೆ. ಮೊದಲ ವಾರ ಅಲ್ಲಿ ನಾನು ಇರುತ್ತೇನೆ. ಆಮೇಲೆ ನೀನು ಭಾನುವಾರ ನೋಡಿಬಂದರೆ ಸಾಕು, ಅದೂ ಕೂತು.

ಚಿತ್ರ ಕಳಿಸುತ್ತಿಲ್ಲ. "ನಿನ್ನ ಚಿತ್ರ ಬರೀಲಾ?" ಅಂತ ಕೇಳಿದೆ. ಎರಡು.

ಇದಕ್ಕೆ ಉತ್ತರ ಬರೆಯಬೇಡ. ಇನ್ನೊಂದು ಕುರ್ಚಿ ತಂದಿದ್ದೇನೆ.

ಅಕ್ಕ